ಮನೆಗೆ ಬಂದ ಸಿಸ್ಟರ್

ಉತ್ತರ ಕರ್ನಾಟಕದಲ್ಲಿ ಯಾರಾದರೂ ಅಡ್ಡಾದಿಡ್ಡಿ ಮಾತಾಡಿದರೆ "ಇವನ್ನ ಧಾರವಾಡಕ್ಕ ಕಳಸಬೇಕು" ಎನ್ನುತ್ತಾರೆ. ಬೆಂಗಳೂರಿನ ಕಡೆ ಅದೇ ಚುಚ್ಚುಮಾತಿಗೆ ನಿಮ್ಹಾನ್ಸ್ ಹೆಸರು. ಈ ಮಾತಿನ ಬೇರು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿದೆ. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡದಲ್ಲಿ 1845ರಲ್ಲಿ ಹುಚ್ಚಾಸ್ಪತ್ರೆ ಶುರುವಾಯಿತು. ಹೆಚ್ಚು ಕಡಿಮೆ ಅದೇ ಕಾಲಕ್ಕೆ, ಮಾರ್ಕ್ ಕಬ್ಬನ್ ಆಡಳಿತದ ಬೆಂಗಳೂರಿನಲ್ಲಿ ಚಾರ್ಲ್ಸ್ ಇರ್ವಿಂಗ್ ಸ್ಮಿತ್ ಎಂಬ ಸರ್ಜನ್ ಇನ್ನೊಂದನ್ನು ಕಟ್ಟಿಸಿದ. ಈ ಆಸ್ಪತ್ರೆಗಳನ್ನು ಕಟ್ಟಿಸಿದ ಮತ್ತು ನಡೆಸಿದ ವೈದ್ಯರ ಹೆಸರುಗಳು ದಾಖಲೆಗಳಲ್ಲಿವೆ. ಹಗಲೂ ರಾತ್ರಿ ರೋಗಿಗಳ ಪಕ್ಕದಲ್ಲೇ ಇದ್ದವರ ಹೆಸರನ್ನು ಬರೆದಿಟ್ಟವರು ಕಡಿಮೆ.

ಅವರನ್ನು ಆಗ ನರ್ಸ್ ಎನ್ನುತ್ತಿರಲಿಲ್ಲ, ವಾರ್ಡರ್ ಎನ್ನುತ್ತಿದ್ದರು. ಸೊಂಟದಲ್ಲಿ ಬೀಗದ ಕೈ ಗೊಂಚಲು, ಕೈಯಲ್ಲಿ ತಲೆ ಎಣಿಸುವ ಕೆಲಸ. ಊಟ ಬಡಿಸುವುದು, ಮೀಯಿಸುವುದು, ಜಗಳ ಬಿಡಿಸುವುದು, ಓಡಿಹೋದವರನ್ನು ಹಿಡಿದು ತರುವುದು, ಎಲ್ಲವೂ ಅವರ ಪಾಲಿಗೇ. ಆ ಕಾಲದ ಕಾನೂನೂ ಇದಕ್ಕೆ ತಕ್ಕಂತೆಯೇ ಇತ್ತು. 1858ರ ಹುಚ್ಚರ ಕಾಯ್ದೆಯಾಗಲಿ, 1912ರಲ್ಲಿ ಅದರ ಜಾಗಕ್ಕೆ ಬಂದ ಕಾಯ್ದೆಯಾಗಲಿ, ರೋಗಿಯನ್ನು ಯಾರ ಹುಕುಮಿನ ಮೇಲೆ ಒಳಗೆ ಹಾಕಬೇಕು, ಯಾರ ಹುಕುಮಿನ ಮೇಲೆ ಹೊರಗೆ ಬಿಡಬೇಕು ಎಂಬ ಬಗ್ಗೆ ಪುಟಗಟ್ಟಲೆ ಹೇಳಿದವು. ಒಳಗೆ ಹೋದವರ ಆರೈಕೆಯ ಬಗ್ಗೆ ಅವುಗಳಲ್ಲಿದ್ದ ಮಾತು ಬಹಳ ಕಡಿಮೆ.

ಬೆಂಗಳೂರಿನ ಸಂಸ್ಥೆಗೆ 1925ರಲ್ಲಿ 'ಮೆಂಟಲ್ ಹಾಸ್ಪಿಟಲ್' ಎಂಬ ಹೆಸರು ಬಂತು. 1930ರ ದಶಕದಲ್ಲಿ ಅದು ಪೇಟೆಯ ಇಕ್ಕಟ್ಟು ಬಿಟ್ಟು ಹೊಸೂರು ರಸ್ತೆಯ ವಿಶಾಲವಾದ ಜಾಗಕ್ಕೆ ಬಂತು. ಆ ದಶಕದ ಕೊನೆಯಲ್ಲಿ ಅದರ ಹೊಣೆ ಹೊತ್ತ ಡಾ. ಎಂ.ವಿ. ಗೋವಿಂದಸ್ವಾಮಿ, ಯುರೋಪಿನಲ್ಲಿ ಆಗಷ್ಟೇ ಹುಟ್ಟಿದ್ದ ಒಂದು ಚಿಕಿತ್ಸೆಯನ್ನು ಸ್ಕಿಜೋಫ್ರೀನಿಯಾ ರೋಗಿಗಳಿಗಾಗಿ ಇಲ್ಲಿಗೂ ತಂದರು. ಅದು ಇನ್ಸುಲಿನ್ ಕೋಮಾ.

ಇಂದು ಅದನ್ನು ನೆನೆದರೆ ಎದೆ ನಡುಗುತ್ತದೆ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿರುವ ರೋಗಿಗೆ ಇನ್ಸುಲಿನ್ ಚುಚ್ಚುತ್ತಾರೆ. ದಿನದಿನಕ್ಕೂ ಪ್ರಮಾಣ ಏರಿಸುತ್ತ ಹೋಗಿ, ರಕ್ತದ ಸಕ್ಕರೆ ಕುಸಿದು ಪ್ರಜ್ಞೆ ಪೂರ್ತಿ ತಪ್ಪುವಂತೆ ಮಾಡುತ್ತಾರೆ. ಬೆವರಿಗೆ ಬಟ್ಟೆ ತೊಯ್ಯುತ್ತದೆ, ಕೆಲವರಿಗೆ ಫಿಟ್ಸ್ ಬರುತ್ತದೆ. ನಾಡಿ ಹಿಡಿದು, ಉಸಿರು ನೋಡಿ, ಹೊತ್ತು ಮೀರುವ ಮೊದಲೇ ಮೂಗಿನ ನಳಿಕೆಯಿಂದಲೋ ರಕ್ತನಾಳದಿಂದಲೋ ಗ್ಲೂಕೋಸ್ ಕೊಟ್ಟು ಎಬ್ಬಿಸಬೇಕು. ತಡವಾದರೆ ಪ್ರಾಣಕ್ಕೇ ಅಪಾಯ. ಎದ್ದ ಮೇಲೆ ಮೈ ಒರೆಸಿ, ಬಟ್ಟೆ ಬದಲಿಸಿ, ತಿನ್ನಿಸಿ, ಸಂಜೆವರೆಗೂ ಕಣ್ಣಿಟ್ಟು ಕಾಯಬೇಕು, ಏಕೆಂದರೆ ಸಕ್ಕರೆ ಮತ್ತೆ ಕುಸಿಯಬಹುದು. ಹತ್ತಾರು ದಿನ ಹೀಗೇ ನಡೆಯುತ್ತಿತ್ತು. ಇದು ಬೀಗದ ಕೈ ಹಿಡಿದವರಿಂದ ಆಗುವ ಕೆಲಸವಲ್ಲ. ರೋಗಿಯ ಹೆಸರು, ಮುಖ, ನಿನ್ನೆಯ ಸ್ಥಿತಿ ಎಲ್ಲವೂ ಗೊತ್ತಿರುವ, ಕಲಿತ ಕೈಗಳೇ ಬೇಕು.

ಮುಂದೆ ಈ ಚಿಕಿತ್ಸೆಯ ಗತಿ ಏನಾಯಿತು ಎಂಬುದು ಇನ್ನೂ ಮುಖ್ಯವಾದ ಸಂಗತಿ. 1953ರಲ್ಲಿ ಹೆರಾಲ್ಡ್ ಬೋರ್ನ್ ಎಂಬ ಬ್ರಿಟಿಷ್ ವೈದ್ಯ ಇದೆಲ್ಲ ಬರೀ ಭ್ರಮೆ ಎಂದು ಬರೆದ. 1957ರಲ್ಲಿ ಬ್ರಿಟನ್ನಿನ ವೈದ್ಯರು ಕೆಲವು ರೋಗಿಗಳಿಗೆ ಇನ್ಸುಲಿನ್, ಇನ್ನು ಕೆಲವರಿಗೆ ಬರೀ ನಿದ್ದೆಮದ್ದು ಕೊಟ್ಟು, ಎರಡೂ ಗುಂಪಿಗೆ ಒಂದೇ ಬಗೆಯ ಆರೈಕೆ ಮಾಡಿ ನೋಡಿದರು. ಫಲಿತಾಂಶದಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಹಾಗಾದರೆ ಇಷ್ಟು ವರ್ಷ ಕೆಲವರಾದರೂ ಚೇತರಿಸಿಕೊಂಡದ್ದು ಹೇಗೆ? ಅನೇಕರು ಕೊಟ್ಟ ಉತ್ತರ: ಮೂಲೆಯಲ್ಲಿ ಮರೆತುಬಿಟ್ಟಿದ್ದ ರೋಗಿಯ ಪಕ್ಕದಲ್ಲಿ ವಾರಗಟ್ಟಲೆ, ಗಂಟೆಗಟ್ಟಲೆ ಒಬ್ಬ ನರ್ಸ್ ಕುಳಿತದ್ದೇ ಕಾರಣ. ಈ ಉತ್ತರದಲ್ಲಿ ಬಹಳಷ್ಟು ಸತ್ಯವಿದೆ.

ಅಷ್ಟರಲ್ಲಿ ದೇಶ ಸ್ವತಂತ್ರವಾಗಿತ್ತು. ಅದಕ್ಕೆ ತುಸು ಮೊದಲು, ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿದ ಭೋರ್ ಸಮಿತಿಯ 1946ರ ವರದಿಗಾಗಿ, ರಾಂಚಿಯ ಮಾನಸಿಕ ಆಸ್ಪತ್ರೆಯ ಮೂರ್ ಟೇಲರ್ ದೇಶದ ಮಾನಸಿಕ ಆಸ್ಪತ್ರೆಗಳನ್ನೆಲ್ಲ ಸುತ್ತಿ ಬಂದಿದ್ದರು. ಇಡೀ ದೇಶಕ್ಕೆ ಇದ್ದದ್ದು 19 ಆಸ್ಪತ್ರೆ, ಹತ್ತು ಸಾವಿರ ಚಿಲ್ಲರೆ ಹಾಸಿಗೆ. ಅವುಗಳಲ್ಲಿ ಹೆಚ್ಚಿನವು ಗುಣಪಡಿಸುವುದಕ್ಕಲ್ಲ, ಕೂಡಿಹಾಕುವುದಕ್ಕೆ ಕಟ್ಟಿದವು ಎಂದು ಅವರು ನೇರವಾಗಿಯೇ ಹೇಳಿದರು. ತರಬೇತಿ ಕೊಡುವ ಸಂಸ್ಥೆ ಬೇಕೆಂದು ಸಮಿತಿ ಕೇಳಿತು. 1954ರಲ್ಲಿ ಬೆಂಗಳೂರಿನ ಆಸ್ಪತ್ರೆಯ ಆವರಣದಲ್ಲೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆದವು. ನರ್ಸ್‌ಗಳಿಗಾಗಿ ಮನೋರೋಗ ಶುಶ್ರೂಷೆಯ ಡಿಪ್ಲೊಮಾ ಇಲ್ಲಿ ಶುರುವಾದದ್ದು 1950ರ ದಶಕದ ಮಧ್ಯಭಾಗದಲ್ಲಿ. ದೇಶದ ಮೂಲೆಮೂಲೆಯಿಂದ ನರ್ಸ್‌ಗಳು ಬಂದು ಕಲಿತು ಹೋದರು.

ಅದೇ ಹೊತ್ತಿಗೆ ಕ್ಲೋರ್‌ಪ್ರೊಮಜಿನ್ ಎಂಬ ಮದ್ದು ಬಂತು. 1952ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲು ಬಳಕೆಗೆ ಬಂದ ಈ ಮಾತ್ರೆಯಿಂದ ವಾರ್ಡುಗಳ ಗದ್ದಲ ಇಳಿಯಿತು. ನರ್ಸ್‌ಗಳ ಕೆಲಸ ಕಡಿಮೆಯಾಗಲಿಲ್ಲ, ಅದರ ಬಗೆ ಬದಲಾಯಿತು. ಮಾತ್ರೆ ನಾಲಿಗೆಯಡಿ ಉಳಿಯಿತೋ ಗಂಟಲಿಗೆ ಇಳಿಯಿತೋ ನೋಡಬೇಕು. ಕೈಕಾಲು ಸೆಟೆದುಕೊಂಡರೆ, ಬಾಯಲ್ಲಿ ಜೊಲ್ಲು ಸುರಿದರೆ, ಕೂತಲ್ಲಿ ಕೂರಲಾಗದೆ ಚಡಪಡಿಸಿದರೆ ಅದು ಮದ್ದಿನ ಅಡ್ಡಪರಿಣಾಮ ಎಂದು ಗುರುತಿಸಿ ವೈದ್ಯರಿಗೆ ತಿಳಿಸಬೇಕು. ಅನ್ನದಲ್ಲಿ ವಿಷ ಬೆರೆಸಿದ್ದಾರೆ ಎಂದು ತಟ್ಟೆ ತಳ್ಳುವವರ, ಇಲ್ಲದ ಧ್ವನಿ ಕೇಳಿ ಹೆದರುವವರ ಜತೆ ವಾದಕ್ಕಿಳಿಯುವಂತಿಲ್ಲ, ಹೌದೆಂದು ತಲೆಯಾಡಿಸುವಂತೆಯೂ ಇಲ್ಲ. "ನಿಮಗೆ ಭಯ ಆಗ್ತಿದೆ ಅಂತ ಗೊತ್ತಾಗುತ್ತೆ, ನನಗೆ ಆ ಧ್ವನಿ ಕೇಳಿಸ್ತಾ ಇಲ್ಲ" ಎಂದು ಸಮಾಧಾನವಾಗಿ ಹೇಳಿ ಪಕ್ಕದಲ್ಲೇ ಕೂರುವುದು ಹೇಳಿದಷ್ಟು ಸುಲಭದ ವಿದ್ಯೆಯಲ್ಲ. ನಿದ್ದೆ ತಪ್ಪಿದರೆ ಕಾಯಿಲೆ ಮರುಕಳಿಸುತ್ತಿದೆ ಎಂದು ಮೊದಲು ಊಹಿಸುವವರೂ ಅವರೇ.

ಇಷ್ಟೆಲ್ಲದರಲ್ಲಿ ರೋಗಿಯ ಮನೆಯವರು ಎಲ್ಲಿದ್ದರು? 1950ರ ದಶಕದಲ್ಲಿ ಅಮೃತಸರದ ಡಾ. ವಿದ್ಯಾಸಾಗರ್ ಆಸ್ಪತ್ರೆಯ ಬಯಲಿನಲ್ಲಿ ಡೇರೆ ಹಾಕಿಸಿ, ರೋಗಿಗಳ ಜತೆ ಮನೆಯವರನ್ನೂ ಇರಿಸಿಕೊಂಡರು. ವೆಲ್ಲೂರಿನಲ್ಲೂ ಮನೆಯವರು ರೋಗಿಯ ಜತೆಗೇ ಉಳಿಯುವ ಪದ್ಧತಿ ಬಂತು. ಬೆಂಗಳೂರು ಇನ್ನೊಂದು ಹೆಜ್ಜೆ ಮುಂದೆ ಹೋಯಿತು.

ನಿಮ್ಹಾನ್ಸ್‌ನ ಎಸ್. ಪೈ ಮತ್ತು ಆರ್.ಎಲ್. ಕಪೂರ್ 1980ರ ಆಸುಪಾಸಿನಲ್ಲಿ ಸ್ಕಿಜೋಫ್ರೀನಿಯಾ ಇದ್ದ 54 ಮಂದಿಯನ್ನು ಆರಿಸಿಕೊಂಡರು. 27 ಮಂದಿ ಆಸ್ಪತ್ರೆಗೆ ದಾಖಲಾದರು. ಉಳಿದ 27 ಮಂದಿ ಮನೆಯಲ್ಲೇ ಉಳಿದರು, ಅವರ ಮನೆಗೆ ನರ್ಸ್ ಹೋಗಿಬರುತ್ತಿದ್ದರು. ಮಾತ್ರೆ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡುವುದು, ಮನೆಯವರ ದುಗುಡ ಕೇಳುವುದು, ತಿಳಿಹೇಳುವುದು ಅವರ ಕೆಲಸ. ಆರು ತಿಂಗಳ ನಂತರ ನೋಡಿದರೆ ಮನೆಯಲ್ಲಿದ್ದವರೇ ಹೆಚ್ಚು ಸುಧಾರಿಸಿದ್ದರು. ಮನೆಯವರ ಮೇಲಿನ ಹೊರೆ ಇಳಿದಿತ್ತು, ಖರ್ಚೂ ಕಡಿಮೆಯಾಗಿತ್ತು. ಈ ಫಲಿತಾಂಶ ವಿದೇಶದ ವೈದ್ಯಕೀಯ ಪತ್ರಿಕೆಗಳಲ್ಲಿ ಅಚ್ಚಾಯಿತು. ಬಾಗಿಲು ತಟ್ಟಿ, ಜಗಲಿಯ ಮೇಲೆ ಕೂತು, ತಾಯಿಯ ಕಣ್ಣೀರನ್ನೂ ಮಗನ ಮೌನವನ್ನೂ ಒಟ್ಟಿಗೆ ಆಲಿಸುವ ನರ್ಸ್ ಆಸ್ಪತ್ರೆಯ ಹಾಸಿಗೆಗಿಂತ ಹೆಚ್ಚು ಕೆಲಸ ಮಾಡಬಲ್ಲರೆಂದು ಬೆಂಗಳೂರು ನಾಲ್ಕು ದಶಕಗಳ ಹಿಂದೆಯೇ ಲೆಕ್ಕ ಸಮೇತ ತೋರಿಸಿಕೊಟ್ಟಿತ್ತು.

ಆದರೂ ಅದು ರಾಜ್ಯದ ಪದ್ಧತಿಯಾಗಲಿಲ್ಲ. ಬೆಂಗಳೂರಿನ ಬಳಿಯ ಸಕಲವಾರದಲ್ಲಿ ಹಳ್ಳಿಗಳ ಮಾನಸಿಕ ಆರೋಗ್ಯದ ಕೆಲಸ ನಡೆಯಿತು, 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಶುರುವಾದ ಪ್ರಯೋಗ 1996ರ ರಾಷ್ಟ್ರೀಯ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್ ತಂಡ 2005ರಿಂದ ಚಿಕಿತ್ಸೆಯೇ ಸಿಗದಿದ್ದ ಸ್ಕಿಜೋಫ್ರೀನಿಯಾ ರೋಗಿಗಳನ್ನು ಹುಡುಕಿ ಮದ್ದು ಕೊಟ್ಟಿತು. ಎಲ್ಲವೂ ಹೆಮ್ಮೆಯ ಕೆಲಸಗಳೇ. ಆದರೆ ಮನೆಮನೆಗೆ ಹೋಗುವ ಮನೋರೋಗ ನರ್ಸ್ ಎಂಬ ಹುದ್ದೆ ಇಂದಿಗೂ ಅಪರೂಪ. ಅಂಥವರು ಇಲ್ಲದ ಕಡೆ ಏನಾಗುತ್ತದೆ ಎಂಬುದಕ್ಕೆ 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ನಡೆದದ್ದೇ ಸಾಕ್ಷಿ. ದರ್ಗಾದ ಊರಿನ ಖಾಸಗಿ ಆಶ್ರಯವೊಂದಕ್ಕೆ ಬೆಂಕಿ ಬಿದ್ದಾಗ, ಸರಪಳಿ ಬಿಗಿದಿದ್ದ 28 ಮಂದಿ ಓಡಲಾಗದೆ ಸತ್ತರು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿಯನ್ನು ನಿಷೇಧಿಸಿದೆ, ಚಿಕಿತ್ಸೆಯನ್ನು ಹಕ್ಕೆಂದು ಒಪ್ಪಿದೆ. ಆ ಹಕ್ಕು ಮನೆ ಬಾಗಿಲಿಗೆ ಬರಬೇಕಾದರೆ ತಾಲ್ಲೂಕಿಗೊಬ್ಬರಾದರೂ ತರಬೇತಿ ಪಡೆದ ನರ್ಸ್, ಅವರು ಹಳ್ಳಿಗೆ ಹೋಗಲು ವಾಹನ, ಮನೆಯವರ ಜತೆ ಕೂರಲು ಸಮಯ ಬೇಕು. ಇದನ್ನು ಸರ್ಕಾರ ಕೊಡಲೇಬೇಕು, ಜನ ಕೇಳಲೇಬೇಕು. ಅಲ್ಲಿಯವರೆಗೆ ಮನೆಯಲ್ಲಿ ಯಾರಾದರೂ ಇಲ್ಲದ ಧ್ವನಿ ಕೇಳುತ್ತಿದ್ದರೆ, ನಿದ್ದೆ ಬಿಟ್ಟು ಮೂಲೆ ಹಿಡಿದಿದ್ದರೆ, ಮುಚ್ಚಿಡಬೇಡಿ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.