ಟ್ವೆಲ್ವ್ ಡಾಕ್ಟರ್ಸ್ ಆಫ್ ಕ್ರಿಸ್‌ಮಸ್ (ಕಥಾಸಂಕಲನ)

'ಟ್ವೆಲ್ವ್ ಡಾಕ್ಟರ್ಸ್ ಆಫ್ ಕ್ರಿಸ್‌ಮಸ್' ಬ್ರಿಟನ್ನಿನ 'ಡಾಕ್ಟರ್ ಹೂ' ಎಂಬ ವೈಜ್ಞಾನಿಕ ಕಲ್ಪನೆಯ ದೂರದರ್ಶನ ಧಾರಾವಾಹಿಯನ್ನು ಆಧರಿಸಿದ ಇಂಗ್ಲಿಷ್ ಸಣ್ಣಕಥೆಗಳ ಸಂಕಲನ. ಮುಖ್ಯವಾಗಿ ಎಳೆಯ ಓದುಗರಿಗೆಂದು ಸಿದ್ಧವಾದ ಈ ಪುಸ್ತಕವನ್ನು ಬಿಬಿಸಿ ಚಿಲ್ಡ್ರನ್ಸ್ ಬುಕ್ಸ್ 2016ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತು. ಆರು ಮಂದಿ ಲೇಖಕರು ತಲಾ ಎರಡರಂತೆ ಬರೆದ ಹನ್ನೆರಡು ಕಥೆಗಳು ಇದರಲ್ಲಿವೆ. ಆ ವೇಳೆಗೆ ಧಾರಾವಾಹಿಯ ನಾಯಕ ಪಾತ್ರವನ್ನು ಸರದಿಯಲ್ಲಿ ನಿರ್ವಹಿಸಿದ್ದ ಹನ್ನೆರಡು ನಟರ 'ಡಾಕ್ಟರ್'ಗಳಿಗೆ ಒಂದೊಂದು ಕಥೆ ಮೀಸಲಾಗಿದೆ.

ಹಿನ್ನೆಲೆ

'ಡಾಕ್ಟರ್ ಹೂ' 1963ರ ನವೆಂಬರ್ 23ರಂದು ಬಿಬಿಸಿಯಲ್ಲಿ ಆರಂಭವಾಯಿತು. ಅನ್ಯಗ್ರಹದಿಂದ ಬಂದ ಡಾಕ್ಟರ್, ಹೊರನೋಟಕ್ಕೆ ಪೊಲೀಸರ ನೀಲಿ ದೂರವಾಣಿ ಪೆಟ್ಟಿಗೆಯಂತೆ ಕಾಣುವ 'ಟಾರ್ಡಿಸ್' ಎಂಬ ವಾಹನದಲ್ಲಿ ಕಾಲದೇಶಗಳ ಎಲ್ಲೆ ಮೀರಿ ಸಂಚರಿಸುತ್ತಾನೆ. ಸಾವಿನ ಅಂಚಿಗೆ ಬಂದಾಗ ಅವನು ಹೊಸ ದೇಹವನ್ನೂ ಹೊಸ ಸ್ವಭಾವವನ್ನೂ ಪಡೆಯುತ್ತಾನೆ. ನೆನಪುಗಳು ಮಾತ್ರ ಮುಂದುವರಿಯುತ್ತವೆ. ನಟ ಬದಲಾದರೂ ಪಾತ್ರ ಉಳಿಯುವಂತೆ ಮಾಡಿದ ಈ ಉಪಾಯವೇ ಧಾರಾವಾಹಿಯ ದೀರ್ಘಾಯುಷ್ಯದ ಗುಟ್ಟು. ಹನ್ನೆರಡು ಕಥೆಗಳ ಈ ಪುಸ್ತಕ ಸಾಧ್ಯವಾದುದೂ ಅದರಿಂದಲೇ.

2005ರಲ್ಲಿ ಧಾರಾವಾಹಿ ಮರುಹುಟ್ಟು ಪಡೆದ ನಂತರ ಪ್ರತಿವರ್ಷ ಡಿಸೆಂಬರ್ 25ರಂದು ವಿಶೇಷ ಕಂತೊಂದನ್ನು ಪ್ರಸಾರ ಮಾಡುವ ರೂಢಿ ಬೆಳೆಯಿತು. ಅದನ್ನು ನೋಡುತ್ತ ಬೆಳೆದವರಿಗೆ ಡಾಕ್ಟರ್ ಮತ್ತು ಕ್ರಿಸ್‌ಮಸ್ ಹಬ್ಬದ ನಂಟು ಮೊದಲಿನಿಂದಲೂ ಇದ್ದದ್ದೆಂದೇ ತೋರುತ್ತದೆ. ವಾಸ್ತವ ಬೇರೆ. 1963ರಿಂದ 1989ರವರೆಗಿನ ಮೊದಲ ಅವಧಿಯಲ್ಲಿ ಕ್ರಿಸ್‌ಮಸ್ ದಿನ ಪ್ರಸಾರವಾದದ್ದು ಒಂದೇ ಒಂದು ಕಂತು: 1965ರ 'ದಿ ಫೀಸ್ಟ್ ಆಫ್ ಸ್ಟೀವನ್'. ಅದೂ ವಿಶೇಷ ಕಾರ್ಯಕ್ರಮವೇನಲ್ಲ. ಕಂತುಗಳು ಶನಿವಾರಗಳಂದು ಬರುತ್ತಿದ್ದವು, ಆ ವರ್ಷ ಹಬ್ಬ ಶನಿವಾರವೇ ಬಿದ್ದಿತು. ಹನ್ನೆರಡು ಕಂತುಗಳ ಗಂಭೀರ ಕಥೆಯೊಂದರ ನಡುವೆ ಬಂದ ಈ ಏಳನೆಯ ಕಂತನ್ನು ಲಘು ಹಾಸ್ಯವಾಗಿ ರೂಪಿಸಲಾಯಿತು. ಅದರ ಕೊನೆಯಲ್ಲಿ ವಿಲಿಯಂ ಹಾರ್ಟ್‌ನೆಲ್ ಅವರ ಡಾಕ್ಟರ್ ನೇರವಾಗಿ ಕ್ಯಾಮೆರಾದತ್ತ ತಿರುಗಿ, ಮನೆಗಳಲ್ಲಿ ಕುಳಿತ ವೀಕ್ಷಕರಿಗೆ ಹಬ್ಬದ ಶುಭಾಶಯ ಕೋರುತ್ತಾನೆ. ಇದರ ಧ್ವನಿಮುದ್ರಣ ಉಳಿದಿದೆ, ದೃಶ್ಯ ಉಳಿದಿಲ್ಲ.

ಹೀಗಾಗಿ ಎರಡನೆಯ ಡಾಕ್ಟರ್‌ನಿಂದ ಒಂಬತ್ತನೆಯವನವರೆಗೆ ಎಂಟು ಮಂದಿಗೆ ಕ್ರಿಸ್‌ಮಸ್ ದಿನದ ಕಂತೇ ದೊರೆಯಲಿಲ್ಲ. ಎಂಟನೆಯವನ ಏಕೈಕ ಚಲನಚಿತ್ರ (1996) 1999ರ ವರ್ಷಾಂತ್ಯದಲ್ಲಿ ನಡೆಯುತ್ತದೆ. ಹಬ್ಬ ಅಷ್ಟರಲ್ಲಿ ಮುಗಿದಿರುತ್ತದೆ. ಒಂಬತ್ತನೆಯವನಾದ ಕ್ರಿಸ್ಟೋಫರ್ ಎಕಲ್‌ಸ್ಟನ್ ಅವರ ಅವಧಿ 2005ರ ಮಾರ್ಚ್‌ನಿಂದ ಜೂನ್‌ವರೆಗಿನದು. ದೂರದರ್ಶನ ಕೊಡದೆ ಬಿಟ್ಟ ಈ ಹಬ್ಬಗಳನ್ನು ತಡವಾಗಿಯಾದರೂ ಕೊಡುವುದೇ ಸಂಕಲನದ ನಿಜವಾದ ಕೆಲಸ.

ಕಥೆಗಳು

ಜಾಕ್ವೆಲಿನ್ ರೇನರ್ ಒಂದನೆಯ ಹಾಗೂ ಮೂರನೆಯ, ಕಾಲಿನ್ ಬ್ರೇಕ್ ಎರಡನೆಯ ಹಾಗೂ ಹನ್ನೆರಡನೆಯ, ರಿಚರ್ಡ್ ಡಂಗ್‌ವರ್ತ್ ನಾಲ್ಕನೆಯ ಹಾಗೂ ಹತ್ತನೆಯ, ಮೈಕ್ ಟಕರ್ ಐದನೆಯ ಹಾಗೂ ಏಳನೆಯ, ಗ್ಯಾರಿ ರಸೆಲ್ ಆರನೆಯ ಹಾಗೂ ಒಂಬತ್ತನೆಯ, ಸ್ಕಾಟ್ ಹ್ಯಾಂಡ್‌ಕಾಕ್ ಎಂಟನೆಯ ಹಾಗೂ ಹನ್ನೊಂದನೆಯ ಡಾಕ್ಟರ್‌ಗಳ ಕಥೆಗಳನ್ನು ಬರೆದಿದ್ದಾರೆ. ಬೇರೆ ಬೇರೆ ಕಲಾವಿದರು ವರ್ಣಚಿತ್ರಗಳನ್ನು ರಚಿಸಿದ್ದಾರೆ.

ಶೀರ್ಷಿಕೆಗಳಲ್ಲಿ ಪದಚಮತ್ಕಾರ ಹೇರಳ. ಪುಸ್ತಕದ ಹೆಸರೇ ಹನ್ನೆರಡು ದಿನಗಳ ಉಡುಗೊರೆಗಳನ್ನು ಎಣಿಸುವ ಹಳೆಯ ಕ್ರಿಸ್‌ಮಸ್ ಹಾಡನ್ನು ನೆನಪಿಸುತ್ತದೆ. 'ಎ ಕಾಮಿಡಿ ಆಫ್ ಟೆರರ್ಸ್' ಷೇಕ್ಸ್‌ಪಿಯರನ ನಾಟಕದ ಹೆಸರನ್ನು ತಿರುಚಿದ್ದು. 'ದಿ ಘೋಸ್ಟ್ ಆಫ್ ಕ್ರಿಸ್‌ಮಸ್ ಪಾಸ್ಟ್' ಡಿಕನ್ಸನ 'ಎ ಕ್ರಿಸ್‌ಮಸ್ ಕೆರೋಲ್' (1843) ಕೃತಿಯ ಭೂತಕಾಲದ ಪ್ರೇತದಿಂದ ಬಂದದ್ದು. 'ದಿ ಪರ್ಸಿಸ್ಟೆನ್ಸ್ ಆಫ್ ಮೆಮೊರಿ' ಸಾಲ್ವಡಾರ್ ಡಾಲಿಯ 1931ರ ವರ್ಣಚಿತ್ರದ ಹೆಸರು. 'ಸೊಂಟಾರ್ಸ್ ಲಿಟ್ಲ್ ಹೆಲ್ಪರ್ಸ್' ಎಂಬುದರಲ್ಲಿ ಸಾಂಟಾಕ್ಲಾಸನ ಸಹಾಯಕರ ಜಾಗಕ್ಕೆ ಧಾರಾವಾಹಿಯ ಯುದ್ಧಪ್ರಿಯ ಸೊಂಟಾರನ್ ಜನಾಂಗದ ಹೆಸರು ಬಂದಿದೆ. ಈ ಚೇಷ್ಟೆಗಳನ್ನು ಅನುವಾದದಲ್ಲಿ ಉಳಿಸುವುದು ಸುಲಭವಲ್ಲ.

'ದಿ ಕ್ರಿಸ್‌ಮಸ್ ಇನ್ವರ್ಷನ್' ಕಥೆಯ ಜಾಣ್ಮೆ ಹೆಸರಿನಷ್ಟಕ್ಕೇ ನಿಲ್ಲುವುದಿಲ್ಲ. 2005ರ ವಿಶೇಷ ಕಂತು 'ದಿ ಕ್ರಿಸ್‌ಮಸ್ ಇನ್ವೇಷನ್'ನಲ್ಲಿ ಹೊಸ ದೇಹ ಪಡೆದ ಹತ್ತನೆಯ ಡಾಕ್ಟರ್ ಬಹುಭಾಗ ಹಾಸಿಗೆ ಹಿಡಿದಿರುತ್ತಾನೆ. ಅನ್ಯಗ್ರಹದವರ ದಾಳಿಯಿಂದ ಕಂಗೆಟ್ಟ ಬ್ರಿಟನ್ನಿನ ಪ್ರಧಾನಿ ದೂರದರ್ಶನದಲ್ಲಿ ಅವನಿಗೆ ಮೊರೆಯಿಡುತ್ತಾಳೆ. ರೇನರ್ ಅದೇ ಹಬ್ಬಕ್ಕೆ ಮೂರನೆಯ ಡಾಕ್ಟರ್‌ನನ್ನು ಕರೆತರುತ್ತಾರೆ. 1970ರ ದಶಕದ ಗತ್ತಿನ ಆ ಮನುಷ್ಯ, ಲಂಡನ್ನಿನ ಸಾಧಾರಣ ವಸತಿ ಸಮುಚ್ಚಯದ ಗೃಹಿಣಿ ಜಾಕಿ ಟೈಲರ್ ಎದುರು ನಿಲ್ಲುವುದೇ ಹಾಸ್ಯಕ್ಕೆ ಸಾಕು.

'ದಿ ರೆಡ್ ಬೈಸಿಕಲ್' ಸಂಕಲನದಲ್ಲಿ ಮೊದಲು ಓದಬಹುದಾದ ಕಥೆ. ಇದರ ಬೀಜ 2005ರ 'ದಿ ಡಾಕ್ಟರ್ ಡ್ಯಾನ್ಸಸ್' ಕಂತಿನಲ್ಲಿದೆ. ಯಾರೂ ಸಾಯದೆ ಗೆದ್ದ ಸಂಭ್ರಮದಲ್ಲಿ ಒಂಬತ್ತನೆಯ ಡಾಕ್ಟರ್, ಸಹಪ್ರಯಾಣಿಕಳಾದ ರೋಸ್ ಹನ್ನೆರಡು ವರ್ಷದವಳಿದ್ದಾಗ ಪಡೆದ ಕೆಂಪು ಸೈಕಲ್ಲಿನ ವಿಷಯವನ್ನು ಮಾತಿನ ನಡುವೆ ಎತ್ತುತ್ತಾನೆ. ಅವಳು ಬೆರಗಾಗುತ್ತಾಳೆ, ಇವನಿಗೆ ಹೇಗೆ ಗೊತ್ತಾಯಿತೆಂಬುದನ್ನು ಕಂತು ಹೇಳುವುದಿಲ್ಲ. ಆ ಒಂದು ಮಾತನ್ನು ಹಿಡಿದು ಗ್ಯಾರಿ ರಸೆಲ್ ಸೈಕಲ್ಲಿನ ಕಥೆಯನ್ನು ಹೆಣೆದಿದ್ದಾರೆ. ರೋಸ್ ತಂದೆಯನ್ನು ಕೂಸಾಗಿದ್ದಾಗಲೇ ಕಳೆದುಕೊಂಡವಳು, ತಾಯಿಯ ಕೈಯಲ್ಲಿ ಹಣ ಅಷ್ಟಕ್ಕಷ್ಟೆ. ಅಂಥ ಮನೆಗೆ ಹೊಸ ಸೈಕಲ್ ಎಂದರೇನೆಂದು ಧಾರಾವಾಹಿ ಬಲ್ಲವರಿಗೆ ವಿವರಿಸಬೇಕಿಲ್ಲ. ವಿಶೇಷ ಕಂತು ಸಿಗದ ಡಾಕ್ಟರ್‌ಗೆ ಇದಕ್ಕಿಂತ ತಕ್ಕ ಹಬ್ಬದ ಕಥೆ ಕಲ್ಪಿಸುವುದು ಕಷ್ಟ.

ಇತಿಮಿತಿ

ಮೇಲಿನ ಎರಡೂ ಉದಾಹರಣೆಗಳು ಪುಸ್ತಕದ ಮಿತಿಯನ್ನೂ ತೋರಿಸುತ್ತವೆ. ಮೂಲ ಕಂತುಗಳನ್ನು ನೋಡಿರದ ಓದುಗನಿಗೆ ಕಥೆ ಅರ್ಥವಾದೀತು, ಅದರ ಸವಿ ಅರ್ಧಕ್ಕೇ ಉಳಿದೀತು. ಇವು 'ನಿಜವಾಗಿ' ನಡೆದವೆಂದು ಎಣಿಸಬೇಕೇ ಎಂಬ ಚರ್ಚೆಯೂ ಅಭಿಮಾನಿಗಳಲ್ಲಿ ಉಂಟು. ಪುಸ್ತಕಗಳ ಪೈಕಿ ಯಾವುವು ಅಧಿಕೃತವೆಂದು ಬಿಬಿಸಿ ಪಟ್ಟಿ ಮಾಡಿಲ್ಲವಾದ್ದರಿಂದ ಆ ಚರ್ಚೆಗೆ ಕೊನೆಯಿಲ್ಲ. ಜಾನ್ ಹರ್ಟ್ 2013ರಲ್ಲಿ ನಿರ್ವಹಿಸಿದ 'ವಾರ್ ಡಾಕ್ಟರ್'ಗೆ ಇಲ್ಲಿ ಕಥೆಯಿಲ್ಲ. ಅವನನ್ನು ಸೇರಿಸಿದ್ದರೆ ಲೆಕ್ಕ ಹದಿಮೂರಾಗಿ ಶೀರ್ಷಿಕೆಯೇ ಕೆಡುತ್ತಿತ್ತು.

ಇತರ ಸಂಕಲನಗಳು

ಇಂಗ್ಲೆಂಡಿನಲ್ಲಿ ಮಕ್ಕಳಿಗೆ ಹಬ್ಬದ ಉಡುಗೊರೆಯಾಗಿ 'ಡಾಕ್ಟರ್ ಹೂ' ಪುಸ್ತಕ ಕೊಡುವ ರೂಢಿ 1965ರಲ್ಲಿ ಮೊದಲ ವಾರ್ಷಿಕ ಸಂಚಿಕೆ ಹೊರಬಂದಾಗಿನಿಂದ ಇದೆ. ಕ್ರಿಸ್‌ಮಸ್ ಕುರಿತೇ ಕಥೆಗಳನ್ನು ಕೂಡಿಸುವ ಪ್ರಯತ್ನವನ್ನು ಬಿಗ್ ಫಿನಿಶ್ ಸಂಸ್ಥೆ 2004ರಲ್ಲಿ ಪಾಲ್ ಕಾರ್ನೆಲ್ ಸಂಪಾದಿಸಿದ 'ಎ ಕ್ರಿಸ್‌ಮಸ್ ಟ್ರೆಷರಿ'ಯ ಮೂಲಕ ಮಾಡಿತ್ತು. ಮುಂದಿನ ವರ್ಷ ಸೈಮನ್ ಗೆರಿಯರ್ ಸಂಪಾದಕತ್ವದ 'ದಿ ಹಿಸ್ಟರಿ ಆಫ್ ಕ್ರಿಸ್‌ಮಸ್' ಬಂದಿತು. ದೂರದರ್ಶನದ ವಿಶೇಷ ಕಂತು 2019ರಿಂದ ಕೆಲವು ವರ್ಷ ಹೊಸವರ್ಷದ ದಿನಕ್ಕೆ ಸರಿದು, 2023ರಲ್ಲಿ ಮತ್ತೆ ಡಿಸೆಂಬರ್ 25ಕ್ಕೆ ಮರಳಿತು. ಈ ನಡುವೆ, 2020ರಲ್ಲಿ, ಐರಿಷ್ ಲೇಖಕ ಡೇವ್ ರಡನ್ 'ದಿ ವಿಂಟರ್‌ಟೈಮ್ ಪ್ಯಾರಡಾಕ್ಸ್' ಎಂಬ ಹಬ್ಬದ ಕಥೆಗಳ ಸಂಕಲನ ಹೊರತಂದರು. ಡಾಕ್ಟರ್‌ಗಳ ಲೆಕ್ಕ ಅಷ್ಟರಲ್ಲಿ ಹನ್ನೆರಡನ್ನು ದಾಟಿದ್ದರೂ ಅದರಲ್ಲಿರುವ ಕಥೆಗಳೂ ಹನ್ನೆರಡೇ.