ಎರಡು ಸಾಲಿನ ತಿದ್ದುಪಡಿ, ಒಂದು ಸಹಿ: ಲಿನಕ್ಸ್‌ಗೆ ಪ್ಯಾಚ್ ಕಳಿಸೋದು ಹೇಗೆ?

ಲಿನಕ್ಸ್ ಕರ್ನಲ್‌ಗೆ ನಾನು ಕಳಿಸಿದ ಮೊದಲ ಪ್ಯಾಚ್ ಎರಡೇ ಸಾಲಿನದು. ಒಂದು ಡ್ರೈವರ್‌ನಲ್ಲಿ ಬಳಕೆಯಲ್ಲೇ ಇಲ್ಲದ ವೇರಿಯಬಲ್ ಒಂದನ್ನು ತೆಗೆದಿದ್ದೆ. ಕಣ್ಣಿಗೆ ಬಿತ್ತು ಅಂತ ಪಕ್ಕದ ಕಾಮೆಂಟ್‌ನ ಸ್ಪೆಲ್ಲಿಂಗನ್ನೂ ತಿದ್ದಿದ್ದೆ. ಅದು ಎರಡು ಸಲ ವಾಪಸ್ ಬಂತು. ಇಂಜಿನಿಯರ್ ಅನ್ನೋ ಜಂಬಕ್ಕೆ ಪೆಟ್ಟು ಬಿದ್ದಿದ್ದು ನಿಜ. ಆದರೆ ಎರಡೂ ಸಲ ಯಾಕೆ ಬೇಡ ಅನ್ನೋ ಕಾರಣ ಎಲ್ಲರಿಗೂ ಕಾಣುವಂತೆ ಬರಹದಲ್ಲಿ ಸಿಕ್ಕಿತು. ಪತ್ರಕರ್ತನಾದ ಮೇಲೆ ನಾನು ಹಾಕಿದ ಎಷ್ಟೋ ಮಾಹಿತಿ ಹಕ್ಕು ಅರ್ಜಿಗಳಿಗೆ ಇಷ್ಟು ನೇರವಾದ ಉತ್ತರ ಬಂದಿಲ್ಲ.

ಪ್ಯಾಚ್ ಅಂದ್ರೇನು?

ನಿಮ್ಮ ಆಂಡ್ರಾಯ್ಡ್ ಫೋನಿನ ಒಳಗಿರೋದು ಲಿನಕ್ಸ್ ಕರ್ನಲ್. 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಶುರು ಮಾಡಿದ್ದು. ಇದರ ಕೋಡ್ ಯಾರು ಬೇಕಾದರೂ ಓದಬಹುದು, ತಮ್ಮ ಪ್ರತಿಯಲ್ಲಿ ತಿದ್ದಿಕೊಳ್ಳಬಹುದು. ಆ ತಿದ್ದುಪಡಿ ಎಲ್ಲರ ಪ್ರತಿಗೂ ಸೇರಬೇಕು ಅಂದ್ರೆ ಪ್ಯಾಚ್ ಕಳಿಸಬೇಕು. ಪ್ಯಾಚ್ ಅಂದ್ರೆ ಒಂದು ಸಾದಾ ಪಠ್ಯದ ಕಡತ: ತೆಗೆದ ಸಾಲಿನ ಮುಂದೆ ಮೈನಸ್, ಸೇರಿಸಿದ ಸಾಲಿನ ಮುಂದೆ ಪ್ಲಸ್. ವಿಧಾನಸಭೆಯ ತಿದ್ದುಪಡಿ ಮಸೂದೆಯಲ್ಲಿ ‘ಈ ಪದದ ಬದಲು ಈ ಪದ’ ಅಂತಿರುತ್ತಲ್ಲ, ಹಾಗೆಯೇ.

ಕಳಿಸುವ ಮುಂಚೆ

ಮೊದಲ ನಿಯಮ: ಒಂದು ಪ್ಯಾಚ್‌ನಲ್ಲಿ ಒಂದೇ ಬದಲಾವಣೆ. ನನ್ನದು ಮೊದಲು ಬಿದ್ದಿದ್ದು ಇಲ್ಲೇ. ವೇರಿಯಬಲ್ ಬೇರೆ, ಸ್ಪೆಲ್ಲಿಂಗ್ ಬೇರೆ. ನಾಳೆ ಒಂದನ್ನು ಹಿಂತೆಗೆಯಬೇಕಾದರೆ ಇನ್ನೊಂದಕ್ಕೆ ತೊಂದರೆ ಆಗಬಾರದು.

ಎರಡನೇ ನಿಯಮ: ಏನು ಬದಲಾಯಿಸಿದಿರಿ ಅನ್ನೋದನ್ನ ಕೋಡೇ ಹೇಳುತ್ತೆ, ಯಾಕೆ ಅನ್ನೋದನ್ನ ನೀವು ಬರೆಯಬೇಕು. ನನ್ನ ಎರಡನೇ ಪ್ರಯತ್ನ ಬಿದ್ದಿದ್ದು ಇದಕ್ಕೆ. ‘ವೇರಿಯಬಲ್ ತೆಗೆದಿದ್ದೇನೆ’ ಅಂತಷ್ಟೇ ಬರೆದಿದ್ದೆ.

ಉಳಿದಿದ್ದು ಶಿಸ್ತಿನ ಕೆಲಸ. ಕಂಪೈಲ್ ಮಾಡಿ ನೋಡಿ. ಕರ್ನಲ್ ಜೊತೆಗೇ ಬರುವ ‘ಚೆಕ್‌ಪ್ಯಾಚ್’ ಶೈಲಿಯ ತಪ್ಪು ತೋರಿಸುತ್ತೆ, ‘ಗೆಟ್ ಮೇಂಟೇನರ್’ ಯಾರಿಗೆ ಕಳಿಸಬೇಕು ಅಂತ ಹೇಳುತ್ತೆ. ಪ್ಯಾಚ್ ಹೋಗೋದು ಸಾದಾ ಪಠ್ಯದ ಇಮೇಲ್‌ನಲ್ಲಿ. ಅಲಂಕಾರ, ಅಟ್ಯಾಚ್‌ಮೆಂಟ್ ಬೇಡ. ‘ಗಿಟ್ ಸೆಂಡ್-ಇಮೇಲ್’ ಬಳಸಿದರೆ ಸಾಲುಗಳು ಮುರಿಯಲ್ಲ. ಉತ್ತರ ಬರದಿದ್ದರೆ ಕನಿಷ್ಠ ಒಂದು ವಾರ ಕಾಯಿರಿ. ತಿದ್ದಿ ಮತ್ತೆ ಕಳಿಸುವಾಗ ‘ವಿ2’, ‘ವಿ3’ ಅಂತ ಗುರುತು ಹಾಕಿ, ಹಿಂದಿನದಕ್ಕಿಂತ ಏನು ಬದಲಾಗಿದೆ ಅಂತ ತಿಳಿಸಿ.

ಸಹಿ ಯಾಕೆ?

ಪ್ರತಿ ಪ್ಯಾಚ್‌ನ ಕೊನೆಗೆ ‘ಸೈನ್ಡ್-ಆಫ್-ಬೈ’ ಅನ್ನೋ ಸಾಲು, ನಿಮ್ಮ ಹೆಸರು, ಇಮೇಲ್ ಇರಲೇಬೇಕು. 2003ರಲ್ಲಿ ಎಸ್‌ಸಿಒ ಎಂಬ ಕಂಪನಿ ತನ್ನ ಕೋಡ್ ಲಿನಕ್ಸ್‌ಗೆ ಸೇರಿದೆ ಅಂತ ಐಬಿಎಂ ಮೇಲೆ ಮೊಕದ್ದಮೆ ಹೂಡಿತು. ಮರುವರ್ಷ, 2004ರಲ್ಲಿ, ಈ ಸಹಿ ಪದ್ಧತಿ ಬಂತು. ‘ಈ ಕೋಡ್ ಕೊಡುವ ಹಕ್ಕು ನನಗಿದೆ’ ಅನ್ನೋ ಮುಚ್ಚಳಿಕೆ ಅದು. ಅನಾಮಧೇಯರಿಗೆ ಇಲ್ಲಿ ಜಾಗವಿಲ್ಲ.

ಒಪ್ಪೋರು ಯಾರು?

ಮತದಾನ ಇಲ್ಲ. ಪ್ರತಿ ವಿಭಾಗಕ್ಕೂ ಮೇಂಟೇನರ್‌ಗಳಿದ್ದಾರೆ. ಅವರು ಒಪ್ಪಿದ್ದು ಮೇಲಿನವರಿಗೆ ಹೋಗಿ, ಕೊನೆಗೆ ಟೋರ್ವಾಲ್ಡ್ಸ್ ಅವರನ್ನು ತಲುಪುತ್ತೆ. ಅವರು ಹೊಸದನ್ನು ಸೇರಿಸಿಕೊಳ್ಳುವ ಬಾಗಿಲು ಎರಡು ವಾರ ತೆರೆದಿರುತ್ತೆ. ಆಮೇಲೆ ವಾರಗಟ್ಟಲೆ ಪರೀಕ್ಷೆ. ಹೀಗೆ 9–10 ವಾರಕ್ಕೊಂದು ಹೊಸ ಆವೃತ್ತಿ.

ಇಡೀ ವ್ಯವಸ್ಥೆ ನಿಂತಿರೋದು ನಂಬಿಕೆಯ ಮೇಲೆ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು ಪರೀಕ್ಷಿಸೋಕೆ ಅಂತ ಬೇಕೆಂದೇ ದೋಷವಿರುವ ಪ್ಯಾಚ್ ಕಳಿಸಿದ್ದು ಬಯಲಾದಾಗ, 2021ರಲ್ಲಿ ಮೇಂಟೇನರ್ ಗ್ರೆಗ್ ಕ್ರೋ-ಹಾರ್ಟ್‌ಮನ್ ಇಡೀ ವಿಶ್ವವಿದ್ಯಾಲಯದ ಪ್ಯಾಚ್‌ಗಳನ್ನೇ ತಡೆಹಿಡಿದರು.

ಆದರೆ ಮೇಲಿನವರು ತಮ್ಮ ನಿಯಮ ತಾವೇ ಪಾಲಿಸ್ತಾರಾ? 2024ರ ಅಕ್ಟೋಬರ್‌ನಲ್ಲಿ ರಷ್ಯಾ ನಂಟಿನ ಹಲವರ ಹೆಸರನ್ನು ಮೇಂಟೇನರ್ ಪಟ್ಟಿಯಿಂದ ತೆಗೆಯಲಾಯಿತು. ಅದೂ ಒಂದು ಪ್ಯಾಚ್ ಮೂಲಕವೇ. ಆ ಪ್ಯಾಚ್ ಕೊಟ್ಟ ವಿವರಣೆ ‘ವಿವಿಧ ಕಾನೂನು ಪಾಲನೆಯ ಅಗತ್ಯಗಳು’ ಎಂಬಷ್ಟಕ್ಕೆ ನಿಂತಿತ್ತು. ಅಮೆರಿಕದ ನಿರ್ಬಂಧಗಳ ವಿವರ ಹೊರಬಂದಿದ್ದು ಗಲಾಟೆ ಆದ ಮೇಲೆ. ನಿರ್ಬಂಧ ಸರಿಯೋ ತಪ್ಪೋ ಅನ್ನೋದು ಬೇರೆ ಚರ್ಚೆ. ನನ್ನ ವೇರಿಯಬಲ್‌ಗೆ ಕೇಳಿದ ‘ಯಾಕೆ’ಯನ್ನು ಆ ಪ್ಯಾಚ್‌ಗೂ ಕೇಳಬೇಕಿತ್ತು. ಜನ ಕೇಳಿದರು ಕೂಡ. ಕೇಳೋಕೆ ಸಾಧ್ಯವಾಗಿದ್ದು ಎಲ್ಲವೂ ಬಹಿರಂಗವಾಗಿದ್ದ ಕಾರಣಕ್ಕೆ.

ಎಲ್ಲಿಂದ ಶುರು ಮಾಡೋದು?

ಹೊಸಬರಿಗೆ ‘ಸ್ಟೇಜಿಂಗ್’ ವಿಭಾಗದ ಡ್ರೈವರ್‌ಗಳು ಒಳ್ಳೆಯ ಜಾಗ. ಸಣ್ಣಪುಟ್ಟ ಸ್ವಚ್ಛತೆ ಕೆಲಸ ಅಲ್ಲಿ ಸಾಕಷ್ಟಿರುತ್ತೆ. ನನ್ನದು ಮೂರನೇ ಸಲಕ್ಕೆ ಸೇರಿತು. ಸ್ಪೆಲ್ಲಿಂಗ್ ಪ್ಯಾಚ್ ಬೇರೆಯಾಗಿ ಕಳಿಸಿದೆ. ಅದಕ್ಕೆ ಯಾರೂ ಏನೂ ಕೇಳಲಿಲ್ಲ.