ಮುಖ ಹೇಳಿದ ಸುಳ್ಳು

ಒಂದೇ ರೂಪಿನವರು ಲೋಕದಲ್ಲಿ ಏಳು ಮಂದಿ ಇರುತ್ತಾರೆಂದು ನಮ್ಮಲ್ಲಿ ಹೇಳುವುದುಂಟು. ವಿನೋದದ ಮಾತು. ಆದರೆ ಆ ಏಳರಲ್ಲಿ ಒಬ್ಬ ವಂಚಕನಾಗಿ, ಇನ್ನೊಬ್ಬ ಕಟಕಟೆ ಹತ್ತಬೇಕಾಗಿ ಬಂದರೆ? ಲಂಡನ್ನಿನಲ್ಲಿ ವಾಸವಾಗಿದ್ದ ನಾರ್ವೆಯ ಅಡಾಲ್ಫ್ ಬೆಕ್ ಎಂಬಾತನಿಗೆ ಒದಗಿದ್ದು ಇದೇ ಗತಿ.

1895ರ ಡಿಸೆಂಬರಿನಲ್ಲಿ ಹೆಂಗಸೊಬ್ಬಳು ಬೀದಿಯಲ್ಲಿ ಬೆಕ್‌ನನ್ನು ತಡೆದು, ತನಗೆ ಮೋಸ ಮಾಡಿದವನು ಇವನೇ ಎಂದಳು. ಆ ವಂಚಕ ತಾನು ದೊಡ್ಡ ಶ್ರೀಮಂತನೆಂದು ಹೇಳಿಕೊಂಡು, ಬೆಲೆಯಿಲ್ಲದ ಚೆಕ್ಕು ಕೊಟ್ಟು, ಹೊಸದನ್ನು ಮಾಡಿಸಲು ಅಳತೆಗೆಂದು ಹೆಂಗಸರ ಉಂಗುರ ಒಯ್ಯುತ್ತಿದ್ದ. ಮೋಸಹೋದ ಇನ್ನೂ ಹಲವರು ಬಂದು ಬೆಕ್‌ನನ್ನೇ ಗುರುತಿಸಿದರು. 1877ರಲ್ಲಿ ಇದೇ ಬಗೆಯ ಅಪರಾಧಕ್ಕೆ ಜಾನ್ ಸ್ಮಿತ್ ಎಂಬ ಹೆಸರಿನವನನ್ನು ಹಿಡಿದಿದ್ದ ನಿವೃತ್ತ ಪೋಲೀಸನೊಬ್ಬ, ಅವನೇ ಇವನೆಂದು ಪ್ರಮಾಣ ಮಾಡಿ ನುಡಿದ. ಆ ವರ್ಷ ಬೆಕ್ ಇದ್ದುದು ದೂರದ ಪೆರು ದೇಶದಲ್ಲಿ. ಹಳೆಯ ಮೊಕದ್ದಮೆ ಇಲ್ಲಿ ಅಪ್ರಸ್ತುತವೆಂದು ನ್ಯಾಯಾಧೀಶರು ಹೇಳಿದ್ದರಿಂದ ಆ ವಾದವನ್ನು ಮುಂದಿಡಲು ಎಡೆಯೇ ದೊರೆಯಲಿಲ್ಲ. 1896ರಲ್ಲಿ ಏಳು ವರ್ಷದ ಶಿಕ್ಷೆಯಾಯಿತು.

1898ರಲ್ಲಿ ಸೆರೆಮನೆಯ ಕಡತಗಳನ್ನು ಹೋಲಿಸಿದಾಗ, ಸ್ಮಿತ್ ಸುನ್ನತಿಯಾದವನು, ಬೆಕ್ ಅಲ್ಲ ಎಂದು ಗೃಹಖಾತೆಗೆ ತಿಳಿಯಿತು. ಇಬ್ಬರೂ ಬೇರೆಬೇರೆ ಎಂಬುದಕ್ಕೆ ಮತ್ತೇನು ಬೇಕು? ಆದರೂ ಬೆಕ್‌ನ ಕೈದಿ ಸಂಖ್ಯೆ ಬದಲಾಯಿತೇ ಹೊರತು ಬಿಡುಗಡೆಯಾಗಲಿಲ್ಲ. 1901ರಲ್ಲಿ ಹೊರಬಂದವನು 1904ರಲ್ಲಿ ಅದೇ ಆರೋಪದ ಮೇಲೆ ಮತ್ತೆ ಅಪರಾಧಿಯೆನಿಸಿದ. ಪುಣ್ಯಕ್ಕೆ ಈ ಸಲ ನ್ಯಾಯಾಧೀಶರು ಸಂಶಯಪಟ್ಟು ಶಿಕ್ಷೆ ವಿಧಿಸುವುದನ್ನು ಮುಂದಕ್ಕೆ ಹಾಕಿದರು. ಬೆಕ್ ಬಂಧನದಲ್ಲಿರುವಾಗಲೇ ಉಂಗುರ ಒತ್ತೆಯಿಡಲು ಹೋದ ನಿಜವಾದ ವಂಚಕ ಸಿಕ್ಕಿಬಿದ್ದ. ಬೆಕ್‌ಗೆ ಕ್ಷಮಾದಾನವೂ 5,000 ಪೌಂಡ್ ಪರಿಹಾರವೂ ದೊರೆತವು. ಈ ಪ್ರಕರಣ ಎಬ್ಬಿಸಿದ ಕೋಲಾಹಲ, 1907ರಲ್ಲಿ ಇಂಗ್ಲೆಂಡಿನಲ್ಲಿ ಕ್ರಿಮಿನಲ್ ಅಪೀಲು ನ್ಯಾಯಾಲಯ ಹುಟ್ಟಲು ಒಂದು ಮುಖ್ಯ ಕಾರಣವಾಯಿತು.

ಅಷ್ಟು ಜನ ಸುಳ್ಳು ಹೇಳಿದರೇ? ಇಲ್ಲ. ಒಂದೇ ಹೋಲಿಕೆ ಎಲ್ಲರನ್ನೂ ಒಂದೇ ರೀತಿ ಮೋಸಗೊಳಿಸಿತು. ಸಾಕ್ಷಿಗಳ ಸಂಖ್ಯೆ ಬೆಳೆದಂತೆ ನಂಬಿಕೆ ಬೆಳೆಯಿತು, ಸತ್ಯ ಬೆಳೆಯಲಿಲ್ಲ.

ಮುಖವನ್ನು ಕ್ರಮವಾಗಿ ನೋಡುವ ಬಗೆ ಆ ಕಾಲಕ್ಕೆ ತಿಳಿಯದ್ದೇನಲ್ಲ. ಪ್ಯಾರಿಸ್ಸಿನ ಪೋಲೀಸ್ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿದ್ದ ಅಲ್ಫೋನ್ಸ್ ಬರ್ಟಿಲಾನ್ ಅದನ್ನು ಆಗಲೇ ರೂಪಿಸಿದ್ದ. ಕೈದಿಯ ಚಿತ್ರವನ್ನು ಎದುರಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ, ನಿಯತವಾದ ದೂರದಿಂದ ತೆಗೆಯಬೇಕು. ಹಣೆ, ಮೂಗು, ಕಿವಿಗಳನ್ನು ಬಿಡಿಬಿಡಿಯಾಗಿ ಹೋಲಿಸಬೇಕು ಎಂಬುದು ಅವನ ಪದ್ಧತಿ. ಅದರ ತಿರುಳು ಇಷ್ಟೆ: ಹತ್ತು ಸಾಮ್ಯಗಳು ಕೂಡಿದರೂ ಇಬ್ಬರು ಒಬ್ಬರಾಗಿಬಿಡುವುದಿಲ್ಲ, ಬೇರೆಯೆಂದು ತೋರಿಸಲು ನಿಶ್ಚಿತವಾದ ಒಂದು ಭೇದ ಸಾಕು.

ಈಗ ಹೋಲಿಸುವ ಕೆಲಸವನ್ನು ಕಂಪ್ಯೂಟರು ಮಾಡುತ್ತದೆ. 2020ರ ಜನವರಿಯಲ್ಲಿ ಅಮೆರಿಕದ ಡೆಟ್ರಾಯಿಟ್ ಪೋಲೀಸರು, ಗಡಿಯಾರದ ಕಳವಿಗಾಗಿ ನಿರಪರಾಧಿಯೊಬ್ಬನನ್ನು ಹಿಡಿದು ಸುಮಾರು 30 ಗಂಟೆ ಕೂಡಿಹಾಕಿದರು. ಅಂಗಡಿಯ ಕ್ಯಾಮೆರಾದ ಮಸುಕು ಚಿತ್ರಕ್ಕೆ ಯಂತ್ರ ಅವನ ಲೈಸೆನ್ಸಿನ ಭಾವಚಿತ್ರವನ್ನು ಹೊಂದಿಸಿತ್ತು. ಕಳ್ಳನನ್ನು ಕಣ್ಣಾರೆ ಕಾಣದ, ಬರಿಯ ಚಲಚ್ಚಿತ್ರ ನೋಡಿದವರೊಬ್ಬರ ಗುರುತು ಅದಕ್ಕೆ ಜೊತೆಯಾಯಿತು.

ಹೋಲಿಕೆಯಿಂದ ಹುಡುಕಾಟ ಮೊದಲಾಗಬಹುದು, ಮುಗಿಯಬಾರದು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಕಣ್ಣಿಗೆ ಹೇಳಿದ್ದು. ಯಂತ್ರದ ಕಣ್ಣಿಗೂ ಅದು ಸಲ್ಲುತ್ತದೆ.